ಬೇಟೆ ಯಾರದು, ಕಳ್ಳತನ ಯಾರದು?

ಸಫಾರಿ ಅನ್ನೋ ಮಾತು ನಮ್ಮ ಹಳ್ಳಿಗಳಿಗೆ ಮೊದಲು ಬಂದದ್ದು ಅಂಗಿಯಾಗಿ. ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ತಾಲ್ಲೂಕು ಕಚೇರಿಯ ಸಾಹೇಬರು, ರಸ್ತೆ ಕಂಟ್ರಾಕ್ಟರು, ಹಸೆಗೆ ಕೂತ ಗಂಡು ಎಲ್ಲರೂ ಸಫಾರಿ ಹೊಲಿಸಿಕೊಂಡರು. ಆ ಅಂಗಿಗೆ ಅಷ್ಟೊಂದು ಜೇಬು ಯಾತಕ್ಕೆ ಅಂತ ಯಾರೂ ಕೇಳಲಿಲ್ಲ. ಆಫ್ರಿಕಾದ ಕುರುಚಲು ಕಾಡಿನಲ್ಲಿ ಬಿಳಿ ದೊರೆ ಕೋವಿಯ ತೋಟಾ ಇಟ್ಟುಕೊಳ್ಳಲು ಹೊಲಿಸಿಕೊಂಡ ಜೇಬು ಅದು. ಅಂಗಿ ದೊರೆಯದು, ಮಾತು ಮಾತ್ರ ಅವನದಲ್ಲ. ಅರಬ್ಬಿಯ 'ಸಫರ್' ಸ್ವಾಹಿಲಿ ಭಾಷೆಗೆ ಹೋಗಿ 'ಸಫಾರಿ' ಆಯಿತು. ನಮ್ಮಲ್ಲಿ ಉರ್ದು ಆಡುವವರ ಬಾಯಲ್ಲಿ ದಿನಾ ಬರುವ ಸಫರ್ ಅದೇ. ಅರ್ಥ ಪ್ರಯಾಣ, ಅಷ್ಟೆ. ಇವತ್ತಿಗೂ ಕೀನ್ಯಾದ ಒಬ್ಬ ಬಡವ ಅಕ್ಕನ ಮನೆಗೆ ಅಂತ ಬಸ್ಸು ಹತ್ತಿದರೆ ಅದೂ ಸಫಾರಿಯೇ. ಆದರೆ ಆ ಮಾತು ಕೇಳಿದ ಕೂಡಲೇ ಜಗತ್ತಿನ ಕಣ್ಣಿಗೆ ಬರುವುದು ಆ ಬಡವನ ಬಸ್ಸಲ್ಲ. ಸತ್ತ ಆನೆಯ ಮೇಲೆ ಬೂಟುಗಾಲಿಟ್ಟು ನಿಂತ ದೊರೆಯ ಫೋಟೋ. ನೆಲ ಕಿತ್ತುಕೊಂಡವರು ನೆಲದ ಮಾತನ್ನೂ ಬಿಡಲಿಲ್ಲ.

ಆಫ್ರಿಕಾದ ದೊಡ್ಡ ಬೇಟೆಯ ಬಗ್ಗೆ ಇವತ್ತು ಮಾತಾಡುವವರಲ್ಲಿ ಎರಡು ಪಂಗಡ. ಒಂದು ಪಂಗಡ, ಪ್ರಾಣಿ ಕೊಲ್ಲುವುದು ಕ್ರೌರ್ಯ, ನಿಲ್ಲಿಸಿ ಅನ್ನುತ್ತದೆ. ಇನ್ನೊಂದು ಪಂಗಡ, ನಾವು ಕೊಡುವ ಡಾಲರಿನಿಂದಲೇ ಕಾಡು ಉಳಿದಿದೆ, ಸುಮ್ಮನಿರಿ ಅನ್ನುತ್ತದೆ. ಇಬ್ಬರೂ ಇಂಗ್ಲಿಷ್ ಪೇಪರುಗಳಲ್ಲಿ ಕಿತ್ತಾಡುತ್ತಾರೆ. ಇಬ್ಬರೂ ಕೇಳದ ಪ್ರಶ್ನೆ ಒಂದಿದೆ. ಒಂದೇ ಕಾಡಿನಲ್ಲಿ, ಒಂದೇ ಜಾತಿಯ ಪ್ರಾಣಿಯನ್ನು ಇಬ್ಬರು ಕೊಂದರೆ ಒಬ್ಬ ಬೇಟೆಗಾರ, ಇನ್ನೊಬ್ಬ ಕಳ್ಳ ಆದದ್ದು ಹೇಗೆ? ಯಾರು ಆ ಹೆಸರಿಟ್ಟವರು? ಯಾವಾಗ?

ಇದಕ್ಕೆ ಉತ್ತರ ಚರಿತ್ರೆಯಲ್ಲೇ ಇದೆ. ತಾರೀಖು ಸಮೇತ ಇದೆ.

1900ರ ಮೇ ತಿಂಗಳು. ಲಂಡನ್ನಿನಲ್ಲಿ ಬ್ರಿಟನ್, ಜರ್ಮನಿ, ಫ್ರಾನ್ಸ್, ಇಟಲಿ, ಪೋರ್ಚುಗಲ್, ಸ್ಪೇನ್ ಮತ್ತು ಬೆಲ್ಜಿಯಂ ದೊರೆಯ ಖಾಸಾ ಆಸ್ತಿಯಾಗಿದ್ದ ಕಾಂಗೋ, ಇಷ್ಟು ಪ್ರಭುತ್ವಗಳು ಸೇರಿ ಆಫ್ರಿಕಾದ ಕಾಡುಪ್ರಾಣಿಗಳನ್ನು ಉಳಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಆ ಮೇಜಿನ ಸುತ್ತ ಆಫ್ರಿಕಾದವನೆಂಬುವನು ಒಬ್ಬನೂ ಇರಲಿಲ್ಲ. ಇವರಿಗೆ ದಿಢೀರನೆ ಪ್ರಾಣಿಗಳ ಮೇಲೆ ಕರುಣೆ ಬಂದದ್ದು ಯಾಕೆ? ಹತ್ತೊಂಬತ್ತನೆಯ ಶತಮಾನವಿಡೀ ಯುರೋಪು ಅಮೆರಿಕಗಳ ಪಿಯಾನೋ ಕೀಲಿಗೆ, ಬಿಲಿಯರ್ಡ್ಸ್ ಚೆಂಡಿಗೆ ದಂತ ಬೇಕಾಗಿ ಆನೆಗಳು ಗುಡ್ಡೆಗುಡ್ಡೆಯಾಗಿ ಬಿದ್ದಿದ್ದವು. ಸರಕು ಖಾಲಿಯಾಗುತ್ತಾ ಬಂತು, ಉಗ್ರಾಣಕ್ಕೆ ಬೀಗ ಹಾಕಬೇಕಾಯಿತು. ಬೀಗ ಬಿದ್ದದ್ದು ಯಾರಿಗೆ? ಆ ಒಪ್ಪಂದ ಹಳ್ಳಾ ತೋಡಿ ಪ್ರಾಣಿ ಬೀಳಿಸುವುದನ್ನು, ಬಲೆ ಒಡ್ಡುವುದನ್ನು ತಡೆಯಬೇಕು ಅಂದಿತು. ಹಳ್ಳ, ಬಲೆ ಯಾರ ಸಾಧನ? ಕೋವಿ ಕೊಳ್ಳಲಾಗದ ಹಳ್ಳಿಗನ ಸಾಧನ. ಕೋವಿ ಇದ್ದವನಿಗೆ ಲೈಸೆನ್ಸು ಇಡಬೇಕು ಅಂದಿತು. ಸಿಂಹ, ಚಿರತೆಗಳನ್ನು ಪೀಡೆಯ ಪ್ರಾಣಿ ಅಂತ ಪಟ್ಟಿ ಮಾಡಿ ಕಡಿಮೆ ಮಾಡಿ ಅಂದಿತು. ಒಪ್ಪಂದ ಪೂರಾ ಜಾರಿಗೆ ಬರಲೇ ಇಲ್ಲ ಅನ್ನುವುದು ನಿಜ. ಆದರೆ ಅದರ ಅಚ್ಚಿನಲ್ಲೇ ವಸಾಹತುಗಳ ಬೇಟೆ ಕಾನೂನುಗಳು ಎರಕವಾದವು. ಅಂದಿನಿಂದ ಹೊಟ್ಟೆಗಾಗಿ ಕೊಲ್ಲುವವನು ಅಪರಾಧಿ, ಶೋಕಿಗಾಗಿ ಕೊಲ್ಲುವವನು ಕಾಡಿನ ರಕ್ಷಕ. ಹೊಟ್ಟೆಯ ಬೇಟೆಗೆ ಜೈಲು, ಶೋಕಿಯ ಬೇಟೆಗೆ ರಸೀದಿ.

ರಸೀದಿ ಎಷ್ಟಕ್ಕೆ ಸಿಗುತ್ತಿತ್ತು ಅನ್ನುವುದನ್ನೂ ನೋಡಿ. ಇಂದಿನ ಕೀನ್ಯಾ ಆಗ ಬ್ರಿಟಿಷ್ ಪೂರ್ವ ಆಫ್ರಿಕಾ. ಹೊರಗಿನಿಂದ ಬರುವ ಷಿಕಾರಿ ದೊರೆಗೆ ಲೈಸೆನ್ಸಿನ ಬೆಲೆ 50 ಪೌಂಡು. ಅಲ್ಲಿ ಆಗ ನಡೆಯುತ್ತಿದ್ದುದು ನಮ್ಮ ಇಂಡಿಯಾದ ರೂಪಾಯಿಯೇ. ಹಾಗಾಗಿ 750 ರೂಪಾಯಿ. ಅದೇ ದೊರೆಯ ಗಂಟುಮೂಟೆಯನ್ನು ತಲೆ ಮೇಲೆ ಹೊತ್ತು ನಡೆಯುವ ಹಮಾಲಿಗೆ ತಿಂಗಳ ಕೂಲಿ ಹತ್ತು ರೂಪಾಯಿ ಆಸುಪಾಸು, ಜೊತೆಗೆ ದಿನಕ್ಕಿಷ್ಟು ಹಿಟ್ಟು. ಅಂದರೆ ಹಮಾಲಿ ಒಂದು ಕಾಸೂ ಖರ್ಚು ಮಾಡದೆ ಆರು ವರ್ಷ ಮೂರು ತಿಂಗಳು ಮೂಟೆ ಹೊತ್ತರೆ ಒಂದು ವರ್ಷದ ಲೈಸೆನ್ಸು. ತನ್ನ ಅಜ್ಜ ಬೇಟೆಯಾಡಿದ ಕಾಡಿನಲ್ಲೇ ಬೇಟೆಯಾಡಲು! ಕಾನೂನು ಎಲ್ಲರಿಗೂ ಒಂದೇ ಅನ್ನುತ್ತಾರಲ್ಲ, ಇಂಥ ಕಾನೂನೂ ಎಲ್ಲರಿಗೂ ಒಂದೇ. ದುಡ್ಡು ಕೊಟ್ಟರೆ ಯಾರು ಬೇಕಾದರೂ ಕೊಲ್ಲಬಹುದು ಸ್ವಾಮಿ, ಬೇಡ ಅಂದವರು ಯಾರು?

1909ರಲ್ಲಿ ಅಮೆರಿಕದ ಅಧ್ಯಕ್ಷಗಿರಿ ಬಿಟ್ಟಿಳಿದ ಥಿಯೊಡೋರ್ ರೂಸ್‌ವೆಲ್ಟ್ ಮಗನನ್ನು ಕಟ್ಟಿಕೊಂಡು ಮೊಂಬಾಸಾ ಬಂದರಿನಲ್ಲಿ ಇಳಿದ. ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿಗೆ ಪ್ರಾಣಿ ಸಂಗ್ರಹ ಅಂತ ಹೆಸರು. ಅಪ್ಪ ಮಗ ಇಬ್ಬರೇ ಹೊಡೆದುರುಳಿಸಿದ್ದು 512 ಪ್ರಾಣಿ. ಅದರಲ್ಲಿ 17 ಸಿಂಹ, 11 ಆನೆ, 20 ಘೇಂಡಾಮೃಗ. ಇಡೀ ತಂಡ ಕೊಂದು, ಹಿಡಿದು ಕಳಿಸಿದ ಪಕ್ಷಿ, ಹಾವು, ಇಲಿ ಎಲ್ಲ ಸೇರಿ ಹನ್ನೊಂದು ಸಾವಿರದ ಮೇಲೆ. ಚರ್ಮ ಕೆಡದಂತೆ ಇಡಲು ತಂದ ಉಪ್ಪೇ ನಾಲ್ಕು ಟನ್. ಒಬ್ಬ ಹಮಾಲಿಯ ತಲೆಹೊರೆ 60 ಪೌಂಡು, ಇಪ್ಪತ್ತೇಳು ಕೆ.ಜಿ. ಲೆಕ್ಕ ಹಾಕಿ: ಬರೀ ಉಪ್ಪಿಗೇ ನೂರ ಮೂವತ್ತು ತಲೆಗೂ ಹೆಚ್ಚು. ಆ ಯಜಮಾನರಿಗೆ ಕಾಡಿನಲ್ಲಿ ಓದುವ ಚಟವೂ ಇತ್ತು. ಹಂದಿ ಚರ್ಮದ ರಟ್ಟು ಕಟ್ಟಿಸಿದ ಅರವತ್ತರಷ್ಟು ಪುಸ್ತಕಗಳ ಪೆಟ್ಟಿಗೆ ಬಂದಿತ್ತು. ಅದನ್ನು ಹೊರಲಿಕ್ಕೇ ಒಬ್ಬ ಮನುಷ್ಯ. ಜಗತ್ತಿನ ಶ್ರೇಷ್ಠ ಸಾಹಿತ್ಯವನ್ನೆಲ್ಲ ತಲೆ ಮೇಲೆ ಹೊತ್ತು ಮೈಲಿಗಟ್ಟಲೆ ನಡೆದ ಆ ಮನುಷ್ಯನಿಗೆ ಅದರಲ್ಲಿ ಒಂದಕ್ಷರ ಓದಲು ಯಾರೂ ಕಲಿಸಲಿಲ್ಲ. ವಿದ್ಯೆಯನ್ನು ಹೊರುವವರು ಒಬ್ಬರು, ಓದುವವರು ಇನ್ನೊಬ್ಬರು. ಹಳ್ಳಿ ಮೇಷ್ಟರುಗಳು ಇದನ್ನು ಚೆನ್ನಾಗಿ ಬಲ್ಲರು.

ಗುಂಡು ಹೊಡೆದದ್ದು ದೊರೆ. ಹೆಜ್ಜೆ ಗುರುತು ಹಿಡಿದು ಪ್ರಾಣಿ ತೋರಿಸಿದವನು, ಎರಡನೇ ಕೋವಿ ಹಿಡಿದು ಪಕ್ಕದಲ್ಲಿ ಎದೆಗೊಟ್ಟು ನಿಂತವನು, ಬಿಸಿಲಿನಲ್ಲಿ ಕೂತು ಚರ್ಮ ಸುಲಿದವನು, ಅದಕ್ಕೆ ಉಪ್ಪು ತಿಕ್ಕಿದವನು, ತಲೆಬುರುಡೆ ಬೇಯಿಸಿ ಮಾಂಸ ಕೆರೆದವನು, ಇವರೆಲ್ಲ ಯಾರು? ಫೋಟೋದ ಅಂಚಿನಲ್ಲಿ ಅರ್ಧ ಮುಖ ಕಾಣುವವರು. ಚರ್ಮ ಸುಲಿದವನ ಹೆಸರು ಅಳಿಸಿಹೋಗಿ ಅದನ್ನು ಗೋಡೆಗೆ ಮೊಳೆ ಹೊಡೆದವನ ಹೆಸರು ಉಳಿಯುವ ಕತೆಯನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರೂಸ್‌ವೆಲ್ಟ್ ಎಂಜಿನ್ನಿನ ಮುಂದುಗಡೆ ಬೆಂಚು ಹಾಕಿಸಿಕೊಂಡು ಕೂತು ಪ್ರಾಣಿ ನೋಡುತ್ತಾ ಹೋದನಲ್ಲ, ಆ ರೈಲು ದಾರಿ ಹಾಕಿದವರು ನಮ್ಮ ದೇಶದ ಕೂಲಿಗಳು. 1896ರಿಂದ 1901ರವರೆಗೆ ಮೂವತ್ತು ಸಾವಿರಕ್ಕೂ ಮಿಕ್ಕಿ ಜನರನ್ನು, ಹೆಚ್ಚಿನವರನ್ನು ಪಂಜಾಬಿನಿಂದ, ಕರಾರು ಬರೆಸಿಕೊಂಡು ಹಡಗಿಗೆ ಹತ್ತಿಸಿದರು. ಎರಡು ಸಾವಿರದ ಐನೂರರಷ್ಟು ಜನ ಅಲ್ಲೇ ಮಣ್ಣಾದರು. 1898ರಲ್ಲಿ ತ್ಸಾವೋ ನದಿಗೆ ಸೇತುವೆ ಕಟ್ಟುವಾಗ ಎರಡು ಸಿಂಹಗಳು ಡೇರೆಗಳಿಂದ ಕೂಲಿಗಳನ್ನು ಎಳೆದೊಯ್ದು ತಿಂದವು. ಆ ಸಿಂಹಗಳನ್ನು ಕೊಂದ ಎಂಜಿನಿಯರ್ ಪ್ಯಾಟರ್‌ಸನ್ ಪುಸ್ತಕ ಬರೆದು ಜಗತ್ಪ್ರಸಿದ್ಧನಾದ. ಚರ್ಮಗಳನ್ನು ಮುಂದೆ ಚಿಕಾಗೋದ ಮ್ಯೂಸಿಯಮ್ಮಿಗೆ 5000 ಡಾಲರಿಗೆ ಮಾರಿದ. ಅದೇ ಪುಸ್ತಕದಲ್ಲಿ ಸತ್ತವರ ಲೆಕ್ಕ ಇದೆ. ಇಂಡಿಯಾದ ಕೂಲಿಗಳು 28. ಆಫ್ರಿಕಾದವರು? ಬಹಳ ಮಂದಿ, ಆದರೆ ಸರ್ಕಾರಿ ದಾಖಲೆ ಇಟ್ಟಿಲ್ಲ ಅನ್ನುತ್ತಾನೆ. ಸಿಂಹದ ಉದ್ದ ಮೂಗಿನಿಂದ ಬಾಲದ ತುದಿಯವರೆಗೆ ಅಡಿ ಅಂಗುಲಗಳಲ್ಲಿ ಅಳೆದು ಬರೆದಿಟ್ಟವರು ಅದು ತಿಂದ ಮನುಷ್ಯರನ್ನು ಎಣಿಸಲಿಲ್ಲ. ಸಂಬಳಕ್ಕೆ ಬಂದ ಕೂಲಿಗೆ ಮಸ್ಟರ್ ರೋಲಿನಲ್ಲಿ ಒಂದು ಗೆರೆ. ನೆಲದ ಮಗನಿಗೆ ಅದೂ ಇಲ್ಲ.

ಅದೇ ತ್ಸಾವೋ ನೆಲದ ಮಕ್ಕಳಲ್ಲಿ ವಾಟಾ ಅನ್ನುವ ಒಂದು ಜನ. ಆನೆ ಬೇಟೆಯೇ ಅವರ ಬದುಕು. ಆಳೆತ್ತರದ ಬಿಲ್ಲು. ಅದನ್ನು ಎಳೆಯಲು ಬೇಕಾಗುವ ಬಲ ಇಂಗ್ಲೆಂಡಿನ ಹೆಸರಾಂತ ಯುದ್ಧದ ಬಿಲ್ಲಿಗೆ ಸಮ ಅಂತ ಇಂಗ್ಲಿಷಿನವರೇ ಅಳೆದು ಬೆರಗಾಗಿದ್ದಾರೆ. ಮರದ ಕಟ್ಟಿಗೆ ಕುದಿಸಿ ಇಳಿಸಿದ ವಿಷ ಬಾಣದ ತುದಿಗೆ. ಆನೆಯ ಪಕ್ಕಕ್ಕೇ ಹೋಗಿ ಹೊಡೆಯಬೇಕು. ಗುರಿ ತಪ್ಪಿದರೆ ಸತ್ತೆ. ಬಿದ್ದ ಆನೆಯ ಮಾಂಸ ಊರಿಗೆಲ್ಲ. ದಂತ ವ್ಯಾಪಾರಿಗೆ ಹೋಗುತ್ತಿತ್ತು, ಅದನ್ನು ಮುಚ್ಚಿಡುವುದು ಬೇಡ. ಸಾವಿರಾರು ವರ್ಷಗಳ ಮನುಷ್ಯ-ಆನೆ ಸಹವಾಸದಲ್ಲಿ ಈ ಬಿಲ್ಲಿನಿಂದ ತ್ಸಾವೋದ ಆನೆ ಮುಗಿದುಹೋಗಲಿಲ್ಲ ಅನ್ನುವುದಕ್ಕೆ ಒಂದೇ ಸಾಕ್ಷಿ ಸಾಕು. 1948ರಲ್ಲಿ ಬ್ರಿಟಿಷರು ಆ ಇಪ್ಪತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ನೆಲವನ್ನು ರಾಷ್ಟ್ರೀಯ ಉದ್ಯಾನ ಮಾಡುವಾಗ ಅಲ್ಲಿ ಆನೆ ಇದ್ದವಲ್ಲ!

ಉದ್ಯಾನ ಆದ ದಿನವೇ ವಾಟಾ ಜನ ಕಳ್ಳರಾದರು. ಐವತ್ತರ ದಶಕದ ನಡುವಿನಲ್ಲಿ ಅವರ ಮೇಲೆ ದಂಡು ಕಟ್ಟಿಕೊಂಡು ಹೋದರು. ಗುಡಿಸಲು ಶೋಧಿಸಿದರು, ನೂರಾರು ಗಂಡಸರನ್ನು ಜೈಲಿಗೆ ತಳ್ಳಿದರು. ಬೇಟೆಯ ಜನಕ್ಕೆ ಬೇಟೆ ಹೋದರೆ ಉಳಿಯುವುದೇನು? ಇತ್ತ ಜಪ್ತಿ ಮಾಡಿದ ದಂತ ಏನಾಯಿತು? ಮೊಂಬಾಸಾದಲ್ಲಿ ಸರ್ಕಾರದ್ದೇ ಒಂದು ದಂತದ ಉಗ್ರಾಣ ಇತ್ತು. ಅಲ್ಲಿ ಹರಾಜು ಹಾಕಿ ಮಾರುತ್ತಿದ್ದರು. ಅಡಿಕೆ ಕದ್ದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತದೆ ನಮ್ಮ ಗಾದೆ. ಆನೆಯನ್ನೇ ಹರಾಜು ಹಾಕಿದ ಪ್ರಭುತ್ವದ ಮಾನ ಮಾತ್ರ ಎಲ್ಲೂ ಹೋಗಲಿಲ್ಲ. ವಾಟಾ ಬಿಲ್ಲುಗಳು ಮೌನವಾದ ಮೇಲೆ ಉದ್ಯಾನದಲ್ಲಿ ಆನೆ ಹೆಚ್ಚಿದವು, ಮರಗಳನ್ನು ಮುರಿದು ಬಯಲು ಮಾಡಿದವು, 1970-71ರ ಬರದಲ್ಲಿ ಸಾವಿರಾರು ಆನೆ ಹಸಿದು ಸತ್ತವು. ಕಾಡನ್ನು ಓದಬಲ್ಲವರನ್ನು ಜೈಲಿಗಟ್ಟಿ ಕಾಡು ಕಾಯಲು ಹೊರಟ ಜಾಣತನ ಇದು.

ಪ್ರಭುತ್ವಕ್ಕೆ ಪ್ರಾಣಿಯ ಮೇಲೆ ಅಷ್ಟು ಪ್ರೀತಿ ಇತ್ತೇ? ಅದನ್ನೂ ನೋಡೋಣ. ಅದೇ ಕೀನ್ಯಾದಲ್ಲಿ ಕಾಂಬಾ ಜನಕ್ಕೆ ಉಳಲು ನೆಲ ಸಾಲದಾಯಿತು. ನೆಲ ಎಲ್ಲಿ ಹೋಗಿತ್ತು? ಒಳ್ಳೊಳ್ಳೆಯ ಎತ್ತರದ ಭೂಮಿ ಬಿಳಿಯ ಜಮೀನ್ದಾರರ ಕೈಲಿತ್ತು. ಅದರಲ್ಲಿ ಒಂದು ಗುಂಟೆ ಬಿಟ್ಟುಕೊಡಲು ಮನಸ್ಸಿಲ್ಲ. ಬದಲಿಗೆ ಎರಡನೇ ಮಹಾಯುದ್ಧದ ಹೊತ್ತಿಗೆ ಮಾಕುವೇನಿ ಅನ್ನುವ ಕಡೆ ಕುರುಚಲು ಕಾಡು ಬರಿದು ಮಾಡಿ ಕಾಂಬಾಗಳನ್ನು ಕೂರಿಸುವುದು ಅಂತಾಯಿತು. ಅಲ್ಲಿದ್ದ ಘೇಂಡಾಮೃಗ ಹೊಡೆಯಲು ಸರ್ಕಾರವೇ ಜೆ.ಎ. ಹಂಟರ್ ಅನ್ನುವ ಷಿಕಾರಿಯನ್ನು ನೇಮಿಸಿತು. ಅವನೊಬ್ಬನೇ ಕೊಂದದ್ದು ಸಾವಿರದ ಹತ್ತಿರ ಹತ್ತಿರ. ಇದು ಕಳ್ಳಬೇಟೆ ಅಲ್ಲ, ಇಲಾಖೆಯ ಕೆಲಸ. ಹಸಿದ ವಾಟಾನ ಒಂದು ಆನೆ ಅಪರಾಧ, ಇಲಾಖೆಯ ಸಾವಿರ ಘೇಂಡಾಮೃಗ ಅಭಿವೃದ್ಧಿ.

ಇದೆಲ್ಲ ಬ್ರಿಟಿಷರ ಕಾಲದ್ದು, ಈಗ ಆ ದೇಶಗಳು ಸ್ವತಂತ್ರ ಅಲ್ಲವೇನ್ರೀ ಅಂತ ಕೇಳುವವರಿದ್ದಾರೆ. ಸರಿ, 2015ಕ್ಕೆ ಬನ್ನಿ. ಜಿಂಬಾಬ್ವೆಯ ಹ್ವಾಂಗೆ ಉದ್ಯಾನದ ಅಂಚಿನಲ್ಲಿ ಅಮೆರಿಕದ ಒಬ್ಬ ಹಲ್ಲಿನ ಡಾಕ್ಟರು ಸೆಸಿಲ್ ಅನ್ನುವ ಸಿಂಹವನ್ನು ಹೊಡೆದ. ಐವತ್ತು ಸಾವಿರ ಡಾಲರಿನಷ್ಟು ತೆತ್ತಿದ್ದ ಅಂತ ಪತ್ರಿಕೆಗಳು ಬರೆದವು. ಯಾವುದರಿಂದ ಹೊಡೆದ ಗೊತ್ತೇ? ಬಿಲ್ಲು ಬಾಣದಿಂದ. ವಾಟಾ ಜನರನ್ನು ಜೈಲಿಗೆ ಹಾಕಿಸಿದ ಅದೇ ಬಿಲ್ಲು ಬಾಣ! ಇವನದು ಕಾರ್ಖಾನೆಯಲ್ಲಿ ಮಾಡಿದ್ದು, ಕ್ರೀಡೆಗೆ ಅಂತ ಮಾಡಿದ್ದು. ಜಗತ್ತೆಲ್ಲ ಬೊಬ್ಬೆ ಹಾಕಿತು. ಆದರೆ ಇವನ ಕಾಗದಪತ್ರ ಸರಿಯಾಗಿದೆ ಅಂತ ಜಿಂಬಾಬ್ವೆ ಸರ್ಕಾರ ಕೈ ತೊಳೆದುಕೊಂಡಿತು. ಅವನು ವಾಪಸು ಹೋಗಿ ಹಲ್ಲು ಕೀಳತೊಡಗಿದ. ಬಿಲ್ಲಿಗೂ ಬಾಣಕ್ಕೂ ವ್ಯತ್ಯಾಸ ಇರಲಿಲ್ಲ. ಜೇಬಿಗೆ ಇತ್ತು, ಜೇಬಿನಲ್ಲಿದ್ದ ಕಾಗದಕ್ಕೆ ಇತ್ತು.

ಬೊಬ್ಬೆ ಹಾಕಿದವರನ್ನೂ ಬಿಡಬಾರದು. ಸೆಸಿಲ್‌ಗಾಗಿ ಅಮೆರಿಕದಲ್ಲಿ ಜನ ಹೂಗುಚ್ಛ ಇಟ್ಟರು, ಕಣ್ಣೀರು ಹಾಕಿದರು. ಆಗ ಅಮೆರಿಕದಲ್ಲೇ ಓದುತ್ತಿದ್ದ ಜಿಂಬಾಬ್ವೆಯ ಹಳ್ಳಿ ಹುಡುಗನೊಬ್ಬ ಅಲ್ಲಿನ ದೊಡ್ಡ ಪತ್ರಿಕೆಯಲ್ಲಿ ಬರೆದ: ನಮ್ಮೂರಲ್ಲಿ ಸಿಂಹಕ್ಕೆ ಮುದ್ದಿನ ಹೆಸರಿಡುವುದಿಲ್ಲ, ಸಿಂಹ ಅಂದರೆ ರಾತ್ರಿ ಹೊರಗೆ ಕಾಲಿಡಲಾಗದ ಭಯ, ಅನ್ನುವುದು ಅವನ ಮಾತಿನ ಸಾರ. ಸಿಂಹಕ್ಕೆ ಹೆಸರಿಟ್ಟವರಿಗೆ ಆ ಊರಿನ ಹೆಸರು ಗೊತ್ತಿರಲಿಲ್ಲ. ಪ್ಯಾಟರ್‌ಸನ್ನನ ಲೆಕ್ಕದ ಪುಸ್ತಕ ಇನ್ನೂ ಮುಚ್ಚಿಲ್ಲ ಅಂತಾಯಿತು.

ಈಗ ಎರಡನೇ ಪಂಗಡದ ವಾದಕ್ಕೆ ಬರೋಣ. ಅದರಲ್ಲಿ ಹುರುಳಿಲ್ಲ ಅಂತ ತಳ್ಳಿಹಾಕುವುದು ಸೋಮಾರಿತನ. ನಮೀಬಿಯಾದಲ್ಲಿ 1996ರ ಕಾನೂನು ಊರಿನವರೇ ಸಂಘ ಕಟ್ಟಿಕೊಂಡು ತಮ್ಮ ನೆಲದ ಕಾಡುಪ್ರಾಣಿಯ ಮೇಲೆ ಹಕ್ಕು ಪಡೆಯಲು ಅವಕಾಶ ಕೊಟ್ಟಿತು. ಇಂಥ ಸಂಘಗಳು ಇವತ್ತು ಎಂಬತ್ತಕ್ಕೂ ಮಿಕ್ಕಿ ಇವೆ. ಬೇಟೆಯ ದುಡ್ಡು ಸಂಘಕ್ಕೆ, ಮಾಂಸ ಊರಿಗೆ. ಅಲ್ಲಿ ಪ್ರಾಣಿಗಳೂ ಹೆಚ್ಚಿವೆ. ಇದು ನಿಜ, ಒಪ್ಪಬೇಕು. ಆದರೆ ಅಲ್ಲಿ ಕೆಲಸ ಮಾಡಿದ್ದು ಏನು? ಪರದೇಶಿಯ ಕೋವಿಯೇ, ಊರಿನವನ ಹಕ್ಕೇ? ಪಕ್ಕದ ಜಿಂಬಾಬ್ವೆ ನೋಡಿ. ಅಲ್ಲಿ 1989ರಲ್ಲಿ ಇಂಥದೇ ಯೋಜನೆ ಬಂತು. ಆದರೆ ಅಧಿಕಾರವನ್ನು ಊರಿಗೆ ಕೊಡದೆ ಜಿಲ್ಲಾ ಕೌನ್ಸಿಲಿಗೆ ಕೊಟ್ಟರು. ದುಡ್ಡು ಕೌನ್ಸಿಲಿನ ಸಂಬಳ ಸಾರಿಗೆಗಳಲ್ಲಿ ಸೋರಿ ಸೋರಿ, ಆನೆ ತುಳಿದ ಜೋಳದ ಹೊಲದವನ ಕೈಗೆ ಬರುವಷ್ಟರಲ್ಲಿ ಚಿಲ್ಲರೆ. ಕೋವಿ ಎರಡೂ ಕಡೆ ಒಂದೇ. ಹಕ್ಕು ಇದ್ದ ಕಡೆ ದುಡ್ಡು ಪಾಲು, ಹಕ್ಕಿಲ್ಲದ ಕಡೆ ಭಿಕ್ಷೆ. ನಮ್ಮಿಂದಲೇ ಕಾಡು ಉಳಿದಿದೆ ಅನ್ನುವ ಷಿಕಾರಿ ದೊರೆ ಊರಿನವನ ಹಕ್ಕಿನ ಫಲವನ್ನು ತನ್ನ ಖಾತೆಗೆ ಬರೆದುಕೊಳ್ಳುತ್ತಿದ್ದಾನೆ.

ಬೇಟೆ ನಿಷೇಧಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಮೊದಲ ಪಂಗಡದವರು ಕೀನ್ಯಾ, ಬೋಟ್ಸ್‌ವಾನಾಗಳನ್ನು ನೋಡಲಿ. ಕೀನ್ಯಾ 1977ರಲ್ಲೇ ಎಲ್ಲ ಷಿಕಾರಿ ನಿಲ್ಲಿಸಿತು. 1977ರಿಂದ 2016ರ ನಡುವೆ ಅಲ್ಲಿನ ಬಯಲುಸೀಮೆಯ ಕಾಡುಪ್ರಾಣಿಗಳು ಸರಾಸರಿ ಶೇಕಡ 68ರಷ್ಟು ಕಡಿಮೆಯಾದವು ಅಂತ ವಿಜ್ಞಾನಿಗಳ ಎಣಿಕೆಯೇ ಹೇಳುತ್ತದೆ. ನೆಲ ತುಂಡು ತುಂಡಾಗಿ ಬೇಲಿ ಬಿತ್ತು, ದನಕುರಿಯ ಒತ್ತಡ ಬಂತು, ಮಳೆ ಕೈಕೊಟ್ಟಿತು. ತನಗೆ ಪೀಡೆಯೇ ಹೊರತು ಪಾಲಿಲ್ಲದ ಪ್ರಾಣಿಯನ್ನು ರೈತ ಯಾಕೆ ಕಾಯುತ್ತಾನೆ? ಕೋವಿ ಹೋಗಿ ಕ್ಯಾಮರಾ ಬಂತು. ಗೇಟು ಮಾತ್ರ ಅದೇ ಗೇಟು.

ಬೋಟ್ಸ್‌ವಾನಾದ ಕತೆ ಇನ್ನೂ ಘೋರ. ಕಲಹರಿ ಮರುಭೂಮಿಯ ನಡುವೆ 1961ರಲ್ಲಿ ಒಂದು ದೊಡ್ಡ ವನ್ಯಧಾಮ ಮಾಡಿದರು. ಅಲ್ಲಿನ ಮೂಲನಿವಾಸಿ ಸಾನ್ ಜನ ತಮ್ಮ ಬದುಕು ಬದುಕಲಿ ಅನ್ನುವುದೂ ಅದರ ಉದ್ದೇಶವಾಗಿತ್ತು. 1997ರಲ್ಲಿ, ಮತ್ತೆ 2002ರಲ್ಲಿ ಅದೇ ಸಾನ್ ಜನರನ್ನು ಲಾರಿಗೆ ತುಂಬಿ ಹೊರಗೆ ಸಾಗಿಸಿದರು. ಕೊಳವೆ ಬಾವಿ ಮುಚ್ಚಿದರು. ಬೇಟೆಯ ಪರವಾನಗಿ ನಿಲ್ಲಿಸಿದರು. ಆ ಜನ ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. 2006ರ ಡಿಸೆಂಬರಿನಲ್ಲಿ ಹೈಕೋರ್ಟು ಇದು ಕಾನೂನುಬಾಹಿರ, ಪರವಾನಗಿ ಕೊಡದಿದ್ದುದೂ ತಪ್ಪು ಅಂದಿತು. ಗೆದ್ದ ಮೇಲೂ ನೀರಿಗಾಗಿ ಮತ್ತೆ ಹೋರಾಡಬೇಕಾಯಿತು. 2011ರಲ್ಲಿ ಮೇಲಿನ ಕೋರ್ಟು ಬಾವಿಯ ಹಕ್ಕು ಕೊಟ್ಟಿತು. ಮರುಭೂಮಿಯಲ್ಲಿ ಹುಟ್ಟಿದವನಿಗೆ ಕುಡಿಯುವ ನೀರು ಬೇಕು ಅಂತ ಹೇಳಲು ಒಂದು ಅಪೀಲು! ಅವರ ಬಾವಿ ಮುಚ್ಚಿದ್ದ ಕಾಲದಲ್ಲೇ ಅದೇ ವನ್ಯಧಾಮದೊಳಗೆ ಪ್ರವಾಸಿಗರಿಗೆ ಈಜುಕೊಳ ಇರುವ ಬಿಡಾರ ಎದ್ದಿತ್ತು. ಆಮೇಲೆ 2014ರಲ್ಲಿ ಸರ್ಕಾರ ಬೇಟೆ ನಿಷೇಧಿಸಿತು. ಪ್ರಾಣಿಪ್ರಿಯರು ಚಪ್ಪಾಳೆ ತಟ್ಟಿದರು. ಆದರೆ ಬೇಲಿ ಹಾಕಿದ ಖಾಸಗಿ ಬೇಟೆ ಫಾರಂಗಳಿಗೆ ಆ ನಿಷೇಧ ತಟ್ಟಲಿಲ್ಲ. ಅಂದರೆ ಸಾನ್ ಮನುಷ್ಯ ಹೊಟ್ಟೆಗೆ ಒಂದು ಜಿಂಕೆ ಹೊಡೆದರೆ ಜೈಲು, ದುಡ್ಡಿದ್ದವನು ಬೇಲಿಯೊಳಗೆ ಹೊಡೆದರೆ ಮೋಜು. 2019ರಲ್ಲಿ ನಿಷೇಧವನ್ನೂ ತೆಗೆದರು. ಹಾಕಿದಾಗಲೂ ತೆಗೆದಾಗಲೂ ಲೆಕ್ಕಕ್ಕೆ ಬರಲಿಲ್ಲ ಸಾನ್ ಜನ.

ಇದೇ ಬೋಟ್ಸ್‌ವಾನಾಕ್ಕೆ 2012ರಲ್ಲಿ ಸ್ಪೇನಿನ ರಾಜ ಹುವಾನ್ ಕಾರ್ಲೋಸ್ ಆನೆ ಹೊಡೆಯಲು ಹೋಗಿ ಬಿದ್ದು ಸೊಂಟ ಮುರಿದುಕೊಂಡ. ಹಾಗಾಗಿಯೇ ಗುಟ್ಟು ರಟ್ಟಾಯಿತು. ಆಗ ಅವನ ದೇಶದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸ ಇರಲಿಲ್ಲ. ರಾಜ ಇನ್ನೊಂದು ಪಟ್ಟವನ್ನೂ ಹೊತ್ತಿದ್ದ: ಜಗತ್ತಿನ ದೊಡ್ಡ ವನ್ಯಜೀವಿ ರಕ್ಷಣಾ ಸಂಸ್ಥೆಯ ಸ್ಪೇನ್ ಶಾಖೆಗೆ ಗೌರವ ಅಧ್ಯಕ್ಷ! ಕೊಲ್ಲುವವನೂ ಅವನೇ, ಕಾಯುವವನೂ ಅವನೇ. ನಾಚಿಕೆಯಾಗಿ ಸಂಸ್ಥೆ ಆಮೇಲೆ ಆ ಪಟ್ಟ ಕಿತ್ತುಹಾಕಿತು. ಮೇಲಿನಿಂದ ನೋಡುವವರಿಗೆ ಬೇಟೆ, ರಕ್ಷಣೆ ಎರಡೂ ಒಂದೇ ಕ್ಲಬ್ಬಿನ ಎರಡು ಕೋಣೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಚೆಲ್ಲಾಟಕ್ಕೆ ಇವತ್ತು ಬೆಲೆ ತೆರುತ್ತಿರುವವರು ಟಾಂಜಾನಿಯಾದ ಮಾಸಾಯಿ ದನಗಾಹಿಗಳು. ಅವರನ್ನು 1959ರಲ್ಲಿ ಸೆರೆಂಗೆಟಿಯಿಂದ ಎಬ್ಬಿಸಿದರು, ಉದ್ಯಾನಕ್ಕಾಗಿ. ಇಲ್ಲಿ ನೆಮ್ಮದಿಯಾಗಿರಿ ಅಂತ ಪಕ್ಕದ ಎನ್‌ಗೊರೊಂಗೊರೊ ತೋರಿಸಿದರು. ಅದಕ್ಕೆ ತಾಗಿದ ಲೊಲಿಯೊಂಡೋ ಸೀಮೆಯಲ್ಲಿ ಮಾಸಾಯಿಗಳ ಊರುಗಳೇ ಇವೆ. 1992ರಲ್ಲಿ ಸರ್ಕಾರ ಆ ಸೀಮೆಯ ಬೇಟೆ ಹಕ್ಕನ್ನು ಅರಬ್ ಎಮಿರೇಟ್ಸಿನ ಸೇನಾಧಿಕಾರಿಯೊಬ್ಬನ ಕಂಪನಿಗೆ ಬರೆದುಕೊಟ್ಟಿತು. ದುಬೈನ ರಾಜಮನೆತನದವರು, ಅವರ ಅತಿಥಿಗಳು ಬಂದು ಷಿಕಾರಿ ಆಡುವುದಕ್ಕೆ. 2009ರಲ್ಲಿ ಪೊಲೀಸರು ಮಾಸಾಯಿ ಹಟ್ಟಿಗಳಿಗೆ ಬೆಂಕಿ ಇಟ್ಟರು. 2017ರಲ್ಲಿ ಮತ್ತೆ ಬೆಂಕಿ. 2022ರ ಜೂನ್‌ನಲ್ಲಿ 1500 ಚದರ ಕಿಲೋಮೀಟರ್ ಹುಲ್ಲುಗಾವಲಿಗೆ ಗಡಿಕಲ್ಲು ನೆಡಲು ಬಂದರು. ಜನ ಅಡ್ಡ ನಿಂತರು. ಗುಂಡು ಹಾರಿತು. ಹತ್ತಾರು ಜನ ಗಾಯಗೊಂಡರು, ಒಬ್ಬ ಪೊಲೀಸಿನವನೂ ಸತ್ತ, ಸಾವಿರಾರು ಜನ ಗಡಿ ದಾಟಿ ಕೀನ್ಯಾಕ್ಕೆ ಓಡಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಕೊಲೆ ಕೇಸಿನಲ್ಲಿ ತಿಂಗಳುಗಟ್ಟಲೆ ಒಳಗಿಟ್ಟು ಆಮೇಲೆ ಕೇಸು ಕೈಬಿಟ್ಟರು. ಪೂರ್ವ ಆಫ್ರಿಕಾ ನ್ಯಾಯಾಲಯ ಅದೇ ವರ್ಷ ಮಾಸಾಯಿಗಳ ಅರ್ಜಿ ವಜಾ ಮಾಡಿತು. 2023ರಲ್ಲಿ ಅದರ ಮೇಲ್ಮನವಿ ಪೀಠ ಆ ತೀರ್ಪನ್ನು ರದ್ದುಮಾಡಿ ಮತ್ತೆ ವಿಚಾರಿಸಿ ಅಂದಿತು. ಎನ್‌ಗೊರೊಂಗೊರೊದಿಂದಲೂ ಈಗ ನೂರಾರು ಕಿಲೋಮೀಟರ್ ದೂರದ ಮ್ಸೊಮೆರಾ ಅನ್ನುವ ಕಡೆಗೆ ಸಾಗಹಾಕುತ್ತಿದ್ದಾರೆ. 1959ರಲ್ಲಿ ಕೊಟ್ಟ ಮಾತನ್ನು ತಿಂದು ಅರಗಿಸಿಕೊಂಡವರಿಗೆ ದನದ ಹುಲ್ಲು ತಿನ್ನುವುದು ಕಷ್ಟವೇ?

ಗಮನಿಸಿ, ಮಾಸಾಯಿಗಳು ಸಾಮಾನ್ಯವಾಗಿ ಕಾಡುಪ್ರಾಣಿಯನ್ನು ಊಟಕ್ಕಾಗಿ ಕೊಲ್ಲುವವರಲ್ಲ. ದನ, ಕುರಿ, ಹಾಲು ಅವರ ಬದುಕು. ಸಾವಿರ ವರ್ಷಗಳಿಂದ ದನ ಮತ್ತು ಜಿಂಕೆ ಒಂದೇ ಹುಲ್ಲು ಮೇದ ನೆಲ ಅದು. ಹಾಗಾಗಿಯೇ ಅಲ್ಲಿ ಹೊಡೆಯಲು ಪ್ರಾಣಿ ಉಳಿದಿವೆ. ಕೊಲ್ಲದವನನ್ನು ಪ್ರಾಣಿರಕ್ಷಣೆಯ ಹೆಸರಲ್ಲಿ ಓಡಿಸಿ, ಕೊಲ್ಲಲಿಕ್ಕೆಂದೇ ಬರುವವನಿಗೆ ಜಾಗ ಮಾಡಿಕೊಡುತ್ತಾರೆ. ಇದನ್ನು ಸಂರಕ್ಷಣೆ ಅನ್ನಬೇಕಂತೆ. ಇಲ್ಲಿ ಓಡಿಸುವವರ ಚರ್ಮ ಬಿಳಿಯದಲ್ಲ ಅನ್ನುವುದನ್ನೂ ನೋಡಿ. ದೊರೆ ಹೋದ, ದೊರೆಯ ಕುರ್ಚಿ ಹೋಗಲಿಲ್ಲ. ಸ್ವಾತಂತ್ರ್ಯ ಬಂದರೂ ಕಾಡಿನ ಕಾನೂನು 1900ರದೇ.

ಇದು ನಮಗೆ ದೂರದ ಕತೆಯೇ? ಕಾಕನಕೋಟೆಯಲ್ಲಿ ವೈಸರಾಯ್‌ಗಳಿಗೆ, ರಾಜಕುಮಾರರಿಗೆ ತಮಾಷೆ ತೋರಿಸಲು ಮೈಸೂರು ಅರಸರು ಖೆಡ್ಡಾ ನಡೆಸುತ್ತಿದ್ದಾಗ ಆನೆ ಅಟ್ಟಲು ಪ್ರಾಣ ಒತ್ತೆ ಇಟ್ಟವರು ಕಾಡಿನ ಕುರುಬರು. 1971ರಲ್ಲಿ ಕೊನೆಯ ಖೆಡ್ಡಾ ಆಯಿತು. ಅರಸರ ಬೇಟೆ ಬಂಗಲೆಯ ಜಾಗದಲ್ಲಿ ಕಬಿನಿ ದಂಡೆಯ ರೆಸಾರ್ಟು ಬಂತು. ಅಲ್ಲಿಂದ ಹೊರಡುವ ಜೀಪಿಗೆ ಇಟ್ಟ ಹೆಸರೂ 'ಸಫಾರಿ'. ಅದೇ ನಾಗರಹೊಳೆಯಿಂದ ಜೇನುಕುರುಬರನ್ನು ಎಪ್ಪತ್ತರ ದಶಕದಿಂದ ಹೊರದಬ್ಬಿದರು. ಕಾಡಿನೊಳಗೆ ಮೂರ್ಕಲ್ಲಿನಲ್ಲಿ ಒಂದು ದೊಡ್ಡ ಹೋಟೆಲ್ ಕಂಪನಿಗೆ ಸರ್ಕಾರ ಕೊಟ್ಟಿದ್ದ ಗುತ್ತಿಗೆಯ ವಿರುದ್ಧ 1996ರಲ್ಲಿ ಆದಿವಾಸಿಗಳು ಎದ್ದು ನಿಂತರು: ನಾವು ಇದ್ದರೆ ಕಾಡು ಕೆಡುತ್ತದೆ, ಹೋಟೆಲ್ ಇದ್ದರೆ ಕೆಡುವುದಿಲ್ಲವೋ? 1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನುಬಾಹಿರ ಅಂದಿತು. 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ಕರಡಿಕಲ್ಲು ಹಾಡಿಗೆ ಮರಳಿ ಹೋಗಿ ತಮ್ಮ ಹಿರಿಯರ ನೆಲದಲ್ಲಿ ಗುಡಿಸಲು ಹಾಕಿದವು. ಲೊಲಿಯೊಂಡೋದ ಹಟ್ಟಿ, ಕಲಹರಿಯ ಬಾವಿ, ಕರಡಿಕಲ್ಲಿನ ಗುಡಿಸಲು ಒಂದೇ ಅರ್ಜಿಯ ಮೂರು ಪುಟ.

ಆದ್ದರಿಂದ ಗೆಳೆಯರೇ, ಷಿಕಾರಿ ಬೇಕೋ ಬೇಡವೋ ಅನ್ನುವ ಇಂಗ್ಲಿಷ್ ಪೇಪರಿನ ಜಗಳದಲ್ಲಿ ನಾವು ಯಾವ ಪಂಗಡಕ್ಕೂ ಸೇರುವುದು ಬೇಡ. ಶೋಕಿಗಾಗಿ ಕೊಂದು ತಲೆಯನ್ನು ಗೋಡೆಗೆ ತೂಗುಹಾಕುವುದು ಹೇಸಿಗೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಕೋವಿಯನ್ನು ಕಿತ್ತುಕೊಂಡು ಬೇಲಿಯನ್ನು ಹಾಗೇ ಬಿಟ್ಟರೆ ನಾವು ಬದಲಿಸಿದ್ದು ಕಾವಲುಗಾರನನ್ನು ಮಾತ್ರ. ಮೊದಲು ನೆಲದ ಹಕ್ಕು ತೀರ್ಮಾನವಾಗಲಿ. ಊರಿನ ಒಪ್ಪಿಗೆ ಇಲ್ಲದೆ ಬೇಟೆಯ ಗುತ್ತಿಗೆಯೂ ಬೇಡ, ರೆಸಾರ್ಟಿನ ಗುತ್ತಿಗೆಯೂ ಬೇಡ, ಉದ್ಯಾನದ ಗಡಿಕಲ್ಲೂ ಬೇಡ. ಆನೆ ತುಳಿದ ಹೊಲಕ್ಕೆ, ಸಿಂಹ ತಿಂದ ದನಕ್ಕೆ ಯಾರು ಕಷ್ಟ ಉಣ್ಣುತ್ತಾರೋ ಅವರ ಕೈಯಲ್ಲಿ ಕಾಡಿನ ತೀರ್ಮಾನ ಇರಲಿ. ಅವರು ಬೇಟೆ ಬೇಡ ಅಂದರೆ ಬೇಡ. ಬೇಕು ಅಂದರೆ ಎಷ್ಟು, ಯಾವುದು ಅನ್ನುವುದನ್ನು ಅವರೇ ಹೇಳಲಿ.

ಮೇಷ್ಟರುಗಳಲ್ಲಿ ಒಂದು ಕೋರಿಕೆ. ಭೂಗೋಳದ ಪಾಠದಲ್ಲಿ ಆಫ್ರಿಕಾ ಬಂದಾಗ ಸಿಂಹ, ಜಿರಾಫೆಯ ಚಿತ್ರ ತೋರಿಸಿ ಮುಗಿಸಬೇಡಿ. ಅಲ್ಲಿ ಮಾಸಾಯಿ, ಸಾನ್, ವಾಟಾ, ಕಾಂಬಾ ಅನ್ನುವ ಜನ ಇದ್ದಾರೆ, ಆ ಪ್ರಾಣಿಗಳು ಇವತ್ತಿನವರೆಗೆ ಉಳಿದದ್ದು ಅವರ ನಡುವೆ ಅಂತ ಬೋರ್ಡಿನ ಮೇಲೆ ಬರೆಯಿರಿ. ಸತ್ತ ಆನೆಯ ಪಕ್ಕ ದೊರೆ ನಿಂತ ಹಳೇ ಫೋಟೋ ಸಿಕ್ಕರೆ ಮಕ್ಕಳಿಗೆ ತೋರಿಸಿ. ಅಂಚಿನಲ್ಲಿ ಅರ್ಧ ಮುಖ ಕಾಣುವ ಆ ಮನುಷ್ಯ ಯಾರು, ಅವನ ಊರು ಈಗ ಎಲ್ಲಿದೆ ಅಂತ ಕೇಳಿ. ಮಕ್ಕಳು ಉತ್ತರ ಹುಡುಕಲು ಹೊರಡಲಿ.